ಹೊಲದ ಹಾದಿಯಲ್ಲಿ ಕಾಡುಪ್ರಾಣಿ ಎದುರಾದಾಗ

(ರೈತರ ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕಾಡುಪ್ರಾಣಿಗಳ ವಿಷಯವೆಂದರೆ ನಮ್ಮ ಶಿಬಿರಗಳಲ್ಲಿ ಸಾಮಾನ್ಯವಾಗಿ ಬೆಳೆ ರಕ್ಷಣೆಯ ಮಾತೇ ಬರುತ್ತದೆ. ಹಂದಿಗೆ ಎಂಥ ಬೇಲಿ ಹಾಕಬೇಕು, ಆನೆಗೆ ಕಂದಕ ಎಷ್ಟು ಆಳ ತೋಡಬೇಕು, ನವಿಲಿಗೆ ಏನು ಉಪಾಯ, ಹೀಗೆ. ಇಂದು ನಾನು ಬೆಳೆಯ ಮಾತು ಆಡುವುದಿಲ್ಲ. ಬೆಳೆ ಹೋದರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಬೆಳಗಿನ ಜಾವ ನೀರು ಕಟ್ಟಲು ಹೋದ ಯಜಮಾನ ಕರಡಿಗೆ ಸಿಕ್ಕಿ ಕಣ್ಣು ಕಳೆದುಕೊಂಡು ಬಂದರೆ ಆ ಮನೆಯ ಬೇಸಾಯವೇ ನಿಂತುಹೋಗುತ್ತದೆ. ಆದುದರಿಂದ ಬೆಳೆ ಕಾಯುವವನನ್ನು ಕಾಯುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ತಿಳಿಸಲು ಪ್ರಯತ್ನಿಸುತ್ತೇನೆ.

ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮ ನಾಡಿನಲ್ಲಿ ಹೊಲ, ತೋಟ, ಹಳ್ಳದ ದಂಡೆಗಳಲ್ಲಿ ಮನುಷ್ಯನ ಮೇಲೆ ಬೀಳುವ ಪ್ರಾಣಿ ಬಹುಮಟ್ಟಿಗೆ ಮನುಷ್ಯನನ್ನು ಹುಡುಕಿಕೊಂಡು ಬಂದದ್ದಲ್ಲ. ಅದಕ್ಕೆ ನಾವು ಬರುತ್ತಿರುವುದು ಗೊತ್ತಿರುವುದಿಲ್ಲ, ನಮಗೆ ಅದು ಇರುವುದು ಗೊತ್ತಿರುವುದಿಲ್ಲ. ಹತ್ತು ಹನ್ನೆರಡು ಅಡಿ ಅಂತರದಲ್ಲಿ ಥಟ್ಟನೆ ಎದುರುಬದುರು ಆದಾಗ ಓಡಿಹೋಗಲು ಹೊತ್ತಿಲ್ಲವೆಂದು ಅದು ಮೈಮೇಲೆ ಬೀಳುತ್ತದೆ. ಇದೇ ಪ್ರಾಣಿ ನೂರು ಗಜ ದೂರದಿಂದ ನಮ್ಮ ಸದ್ದು ಕೇಳಿದ್ದರೆ ಬಹುಮಟ್ಟಿಗೆ ಪಕ್ಕಕ್ಕೆ ಸರಿದು ಹೋಗುತ್ತಿತ್ತು. ನಾನು ಮುಂದೆ ಹೇಳುವ ಉಪಾಯಗಳಲ್ಲಿ ಹೆಚ್ಚಿನವು ಈ ಅಂತರವನ್ನು ಹೆಚ್ಚಿಸುವ ಉಪಾಯಗಳೇ.

ಇಂಥ ಭೇಟಿಗಳು ನಡೆಯುವ ಹೊತ್ತನ್ನು ನೋಡಿ. ಮುಸ್ಸಂಜೆ, ರಾತ್ರಿ, ಬೆಳಗಿನ ಜಾವ. ಕರಡಿ, ಚಿರತೆ, ಹಂದಿ, ಆನೆ ಎಲ್ಲವೂ ಹೆಚ್ಚಾಗಿ ಓಡಾಡುವ ಹೊತ್ತು ಅದೇ. ಆ ಹೊತ್ತಿನಲ್ಲಿ ರೈತನಿಗೇನು ಕೆಲಸ ಎಂದು ಪಟ್ಟಣದವರು ಕೇಳಬಹುದು. ಉತ್ತರ ತಮಗೆಲ್ಲ ಗೊತ್ತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಪಾಳಿ ರಾತ್ರಿಗೆ ಬಂದರೆ ರಾತ್ರಿಯೇ ಹೋಗಬೇಕು. ಹಗಲು ಕರೆಂಟು ಕೊಡಿ ಎಂದು ರೈತರು ಕೇಳುವುದರಲ್ಲಿ ಪ್ರಾಣದ ಪ್ರಶ್ನೆಯೂ ಇದೆ ಎಂಬುದನ್ನು ಇಲ್ಲಿರುವ ಕಾರ್ಯಕರ್ತರು ಮೇಲಿನವರಿಗೆ ಬರೆಯುವಾಗ ಸ್ಪಷ್ಟವಾಗಿ ಬರೆಯಬೇಕೆಂದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಸ್ಟಾರ್ಟರ್ ಪೆಟ್ಟಿಗೆಯ ಸುತ್ತ ಹತ್ತು ಮಾರು ಪೊದೆ ಸವರಿ ಬಯಲು ಮಾಡಿ ಇಟ್ಟುಕೊಳ್ಳಬಹುದು. ಮೊಬೈಲಿನಿಂದ ಮೋಟರು ಚಾಲೂ ಮಾಡುವ ಸಾಧನ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಕಾಡಂಚಿನ ಹೊಲದವರು ಬೇರೆ ಯಾವ ಖರ್ಚನ್ನಾದರೂ ಮುಂದಕ್ಕೆ ಹಾಕಿ ಅದನ್ನು ಕೊಳ್ಳುವುದು ಮೇಲು.

ಇನ್ನು ಕರಡಿಯ ವಿಷಯ. ಬಳ್ಳಾರಿ, ವಿಜಯನಗರ, ಕೊಪ್ಪಳ, ಚಿತ್ರದುರ್ಗ, ತುಮಕೂರು ಕಡೆಯ ಕಲ್ಲುಗುಡ್ಡಗಳ ಸೀಮೆಯಲ್ಲಿ ಇದೇ ದೊಡ್ಡ ಭಯ. ಹಂಪಿಯ ಸಮೀಪ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗೆಂದೇ ಒಂದು ಅಭಯಾರಣ್ಯವನ್ನು ಘೋಷಿಸಲಾಯಿತು. ಆದರೆ ಕರಡಿ ಅಭಯಾರಣ್ಯದ ಗಡಿಕಲ್ಲು ನೋಡಿ ನಡೆಯುವುದಿಲ್ಲ. ಬಂಡೆಗಳ ಸಂದು, ಗವಿ ಎಲ್ಲಿ ಉಂಟೋ ಅಲ್ಲಿ ಹಗಲು ಮಲಗುತ್ತದೆ, ರಾತ್ರಿ ಮೇವಿಗೆ ಇಳಿಯುತ್ತದೆ.

ಈ ಪ್ರಾಣಿಯ ಮೈಕಟ್ಟನ್ನು ತಿಳಿದುಕೊಂಡರೆ ಅದರ ಸ್ವಭಾವವೂ ತಿಳಿಯುತ್ತದೆ. ಅದರ ಮುಖ್ಯ ಆಹಾರ ಗೆದ್ದಲು ಮತ್ತು ಇರುವೆ. ಹುತ್ತ ಅಗೆಯುವುದಕ್ಕೆ ಮುಂಗಾಲಿನಲ್ಲಿ ಬೆರಳುದ್ದದ ಉಗುರುಗಳಿವೆ. ಮೇಲಿನ ದವಡೆಯ ನಡುವಿನ ಎರಡು ಮುಂಹಲ್ಲುಗಳು ಇಲ್ಲ. ಆ ಸಂದಿನಿಂದ ಉದ್ದ ತುಟಿ ಚಾಚಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಕಮ್ಮಾರನ ತಿದಿಯಂತೆ ಸದ್ದು ಮಾಡುತ್ತ ಗೆದ್ದಲನ್ನು ಹೀರುತ್ತದೆ. ಈ ಸದ್ದು ದೂರಕ್ಕೆ ಕೇಳಿಸುತ್ತದೆ. ನಮಗೆ ಇದರಿಂದ ಒಂದು ಅನುಕೂಲ, ಒಂದು ಅಪಾಯ. ಕಿವಿಗೊಟ್ಟರೆ ಕರಡಿ ಎಲ್ಲಿದೆ ಎಂದು ತಿಳಿದೀತು. ಆದರೆ ಹುತ್ತದೊಳಗೆ ಮೂತಿಯಿಟ್ಟ ಕರಡಿಗೆ ನಮ್ಮ ಹೆಜ್ಜೆಯ ಸಪ್ಪಳ ಕೇಳಿಸುವುದಿಲ್ಲ. ಮೂಗು ಬಹಳ ಚುರುಕು, ಕಣ್ಣು ಮಂದ. ಗಾಳಿ ಅದರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿದ್ದರೆ ಮೂಗಿನ ಸಹಾಯವೂ ಅದಕ್ಕೆ ಇಲ್ಲ. ಹೀಗೆ ನಾವು ಅದರ ಬೆನ್ನಿಗೇ ಹೋಗಿ ನಿಂತಿರುತ್ತೇವೆ. ತಲೆಯೆತ್ತಿದ ಕರಡಿ ಯೋಚನೆ ಮಾಡುವುದಿಲ್ಲ. ಹುಲಿಯಿರುವ ಕಾಡಿನಲ್ಲಿ ಬಾಳಿಬಂದ ಪ್ರಾಣಿ, ಎದುರಾದದ್ದರ ಮೇಲೆ ಮೊದಲು ತಾನೇ ಬೀಳುವುದು ಅದರ ರೂಢಿ.

ಶೇಂಗಾ, ಮೆಕ್ಕೆಜೋಳ, ಕಲ್ಲಂಗಡಿ ಹೊಲಗಳಿಗೆ ಅದು ಬರುವುದು ತಮಗೆ ತಿಳಿದದ್ದೇ. ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹಣ್ಣಿನ ಕಾಲದಲ್ಲಿ. ಕವಳೆ, ಬಾರೆ, ಸೀತಾಫಲ ಹಣ್ಣಾದಾಗ ಹೆಣ್ಣುಮಕ್ಕಳು, ಹುಡುಗರು ನಸುಕಿನಲ್ಲೇ ಬುಟ್ಟಿ ಹಿಡಿದು ಗುಡ್ಡಕ್ಕೆ ಹೋಗುತ್ತಾರೆ. ಬೇರೆಯವರಿಗಿಂತ ಮೊದಲು ಹೋದರೆ ಹೆಚ್ಚು ಹಣ್ಣು ಸಿಗುತ್ತದೆ ಎಂಬ ಲೆಕ್ಕ. ಕರಡಿ ಅದೇ ಗಿಡದ ಬುಡದಲ್ಲಿ ರಾತ್ರಿಯೆಲ್ಲ ತಿಂದು ಇನ್ನೂ ಹೊರಟಿರುವುದಿಲ್ಲ. ಬಿಸಿಲು ಚೆನ್ನಾಗಿ ಏರಿದ ಮೇಲೆ, ನಾಲ್ಕೈದು ಜನ ಕೂಡಿ, ಗಟ್ಟಿಯಾಗಿ ಮಾತನಾಡುತ್ತ ಹೋಗುವುದಾದರೆ ಅರ್ಧ ಬುಟ್ಟಿ ಕಡಿಮೆ ಸಿಕ್ಕೀತು, ಅಷ್ಟೇ. ಬಿಸಿಲಿನಲ್ಲಾದರೂ ಗವಿಯ ಬಾಯಿಗೆ, ದಟ್ಟ ಪೊದೆಯ ಒಳಕ್ಕೆ ಹೋಗಬಾರದು. ಹಗಲು ಅದು ಮಲಗುವ ಜಾಗ ಅದೇ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಅಂಥದನ್ನು ಕಂಡರೆ ಎಷ್ಟು ದೂರವಿದ್ದರೂ ಬಂದ ದಾರಿಯಲ್ಲೇ ಹಿಂದಿರುಗಬೇಕು.

ನಾಯಿಯನ್ನು ಜೊತೆಗೆ ಕರೆದೊಯ್ದರೆ ಧೈರ್ಯ ಎಂಬ ನಂಬಿಕೆ ಇದೆ. ನಾನು ಇದನ್ನು ಒಪ್ಪುವುದಿಲ್ಲ. ನಾಯಿ ಮುಂದೆ ಓಡಿ ಪೊದೆಯಲ್ಲಿ ಮಲಗಿದ್ದ ಕರಡಿಯನ್ನು ಎಬ್ಬಿಸುತ್ತದೆ, ಕರಡಿ ತಿರುಗಿಬಿದ್ದಾಗ ಓಡಿಬಂದು ಯಜಮಾನನ ಕಾಲ ಸಂದಿಯಲ್ಲಿ ಅಡಗುತ್ತದೆ. ಹಿಂದೆಯೇ ಕರಡಿ ಬಂದಿರುತ್ತದೆ. ಊರ ಬಳಿ, ಕಣದ ಬಳಿ ಕಟ್ಟಿಹಾಕಿದ ನಾಯಿ ಬೊಗಳಿ ಎಚ್ಚರಿಸುವುದು ಬೇರೆ ಮಾತು.

ದೂರದಲ್ಲಿ ಕರಡಿ ಕಂಡಿತು, ಅದು ನಮ್ಮನ್ನು ಇನ್ನೂ ಕಂಡಿಲ್ಲ ಎಂದಿಟ್ಟುಕೊಳ್ಳಿ. ಆಗ ಸದ್ದು ಮಾಡದೆ, ಅದರ ಮೇಲೆ ಕಣ್ಣಿಟ್ಟು ಹಿಂದಕ್ಕೆ ಸರಿಯಬೇಕು. ಅದು ಗುಡ್ಡದ ಕಡೆಗೆ ಹೊರಟಿದ್ದರೆ ಆ ದಾರಿಗೆ ಅಡ್ಡ ನಿಲ್ಲಬಾರದು. ಬೆನ್ನು ತಿರುಗಿಸಿ ಓಡಬಾರದು, ಕರಡಿ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಮರ ಹತ್ತಿದರೆ ಬದುಕಿದೆವು ಎಂದುಕೊಳ್ಳಬೇಡಿ, ಜೇನಿಗಾಗಿ ಮರ ಹತ್ತುವ ಪ್ರಾಣಿ ಅದು. ಉದ್ದನೆಯ ದೊಣ್ಣೆ ಇದ್ದರೆ ಅದನ್ನು ಎತ್ತಿ ಹೊಡೆಯುವ ಬದಲು ನಮಗೂ ಕರಡಿಗೂ ನಡುವೆ ಚಾಚಿ ಹಿಡಿದು ಹಿಂದೆ ಸರಿಯುವುದು ಉಪಯುಕ್ತ. ಇಷ್ಟಾದರೂ ಮೈಮೇಲೆ ಬಿದ್ದೇಬಿಟ್ಟರೆ, ಬೋರಲಾಗಿ ನೆಲಕ್ಕೆ ಒರಗಿ, ಮುಖವನ್ನು ನೆಲಕ್ಕೊತ್ತಿ, ಎರಡೂ ಕೈಗಳ ಬೆರಳು ಹೆಣೆದು ಕುತ್ತಿಗೆಯ ಹಿಂಭಾಗವನ್ನು ಮುಚ್ಚಿಕೊಳ್ಳಬೇಕು. ಕರಡಿ ತಲೆ, ಮುಖಗಳಿಗೇ ಉಗುರು ಹಾಕುತ್ತದೆ. ಬೆನ್ನಿಗೆ, ತೋಳಿಗೆ ಆದ ಗಾಯ ಮಾಯುತ್ತದೆ, ಕಣ್ಣು ಹೋದರೆ ಹೋಯಿತು. ಅದು ಬಿಟ್ಟು ಹೋದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಮಿಸುಕದೆ ಇದ್ದು, ಸದ್ದು ದೂರವಾದ ಮೇಲೆ ಏಳಬೇಕು. ಇದನ್ನು ಹೇಳುವುದು ಸುಲಭ, ಆ ಗಳಿಗೆಯಲ್ಲಿ ಮಾಡುವುದು ಕಷ್ಟ ಎಂದು ನಾನು ಬಲ್ಲೆ. ಆದ್ದರಿಂದಲೇ ಗುಡ್ಡದಂಚಿನ ಊರುಗಳ ಶಾಲೆಗಳಲ್ಲಿ ಮಕ್ಕಳಿಗೆ ಒಮ್ಮೆ ನೆಲದ ಮೇಲೆ ಮಲಗಿಸಿಯೇ ತೋರಿಸಿಕೊಡಿ ಎಂದು ಕಾರ್ಯಕರ್ತರಿಗೆ ಹೇಳುತ್ತೇನೆ. ಮೈಗೆ ರೂಢಿಯಾದದ್ದು ಭಯದಲ್ಲಿಯೂ ನೆನಪಿಗೆ ಬರುತ್ತದೆ.

ಚಿರತೆಯ ನಡವಳಿಕೆ ಕರಡಿಯಂಥದಲ್ಲ. ಅದು ನಾಚಿಕೆಯ ಪ್ರಾಣಿ, ಮನುಷ್ಯನನ್ನು ಕಂಡರೆ ಸಾಮಾನ್ಯವಾಗಿ ಮರೆಯಾಗುತ್ತದೆ. ಕಬ್ಬಿನ ಗದ್ದೆ ಅದಕ್ಕೆ ಬಹಳ ಒಗ್ಗಿದೆ. ವರ್ಷದ ಹೆಚ್ಚು ಭಾಗ ದಟ್ಟ ನೆರಳು, ಒಳಗೆ ಯಾರೂ ಬರುವುದಿಲ್ಲ, ಹತ್ತಿರದಲ್ಲೇ ನಾಯಿ, ಮೇಕೆ, ಹಂದಿ. ಅಲ್ಲಿಯೇ ಮರಿ ಹಾಕುತ್ತದೆ. ಹಾಗೆಂದು ಚಿರತೆ ಏನೂ ಮಾಡುವುದಿಲ್ಲವೆಂದು ನಾನು ಹೇಳಲಾರೆ. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗಿನ ಮೂರು ತಿಂಗಳೊಳಗೆ ನಾಲ್ಕು ಜೀವಗಳು ಚಿರತೆಗೆ ಬಲಿಯಾದವು. ಆ ನಾಲ್ವರಲ್ಲಿ ಒಬ್ಬ ವೃದ್ಧೆ, ಒಬ್ಬ ಬಾಲಕ ಇದ್ದರು. ಆ ಊರುಗಳ ಜನರಿಗೆ ಹೋಗಿ ಚಿರತೆ ನಾಚಿಕೆಯ ಪ್ರಾಣಿ ಎಂದು ಉಪದೇಶ ಮಾಡುವುದು ಸಾಧ್ಯವಿಲ್ಲ. ಎಚ್ಚರಿಕೆಯನ್ನು ಮಾತ್ರ ಹೇಳಬಹುದು.

ಚಿರತೆಗೆ ಎತ್ತರದ ಲೆಕ್ಕ ಮುಖ್ಯ. ಕುಳಿತವರು, ಬಗ್ಗಿ ಕಳೆ ಕೀಳುವವರು, ಮಕ್ಕಳು ಅದರ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣುತ್ತಾರೆ. ಕತ್ತಲಲ್ಲಿ ಬಯಲು ಕಡೆಗೆ ಒಬ್ಬರೇ ಹೋಗಿ ಕೂರುವುದು ಈ ಕಾರಣದಿಂದ ಅಪಾಯ. ಮನೆಗೊಂದು ಶೌಚಾಲಯ ಬೇಕೆಂದು ಆರೋಗ್ಯದವರು ಹೇಳುವ ಕಾರಣಗಳ ಜೊತೆಗೆ ಇದನ್ನೂ ಸೇರಿಸಿಕೊಳ್ಳಿ. ಚಿರತೆ ಎದುರಾದರೆ ನೆಟ್ಟಗೆ ನಿಲ್ಲಬೇಕು, ಟವಲನ್ನೋ ಪಂಚೆಯನ್ನೋ ಮೇಲೆತ್ತಿ ಮೈ ದೊಡ್ಡದಾಗಿ ಕಾಣುವಂತೆ ಮಾಡಬೇಕು, ಗದರಬೇಕು. ಮಗು ಜೊತೆಯಲ್ಲಿದ್ದರೆ ಎತ್ತಿಕೊಳ್ಳಬೇಕು. ಮುಖ ಅದರ ಕಡೆಗೇ ಇಟ್ಟು ನಿಧಾನವಾಗಿ ಹಿಂದೆ ಸರಿಯಬೇಕು. ಕಲ್ಲು ಆಯ್ದುಕೊಳ್ಳಲು ಬಗ್ಗುವುದು ಕೂಡ ಬೇಡ.

ಕಬ್ಬು ಕಟಾವಿನ ಸಮಯದಲ್ಲಿ ಒಂದು ಕ್ರಮವನ್ನು ಅನುಸರಿಸಿದರೆ ಬಹಳಷ್ಟು ಗಾಯಗಳು ತಪ್ಪುತ್ತವೆ. ಕಡಿಯುವವರ ತಂಡ ನಾಲ್ಕೂ ಕಡೆಯಿಂದ ಒಳಗೆ ಬರಬಾರದು. ಒಂದೇ ಅಂಚಿನಿಂದ ಆರಂಭಿಸಿ, ಸದ್ದು ಮಾಡುತ್ತ, ಎದುರಿನ ಅಂಚನ್ನು ತೆರವಾಗಿ ಬಿಟ್ಟು ಸಾಗಬೇಕು. ಒಳಗೆ ಚಿರತೆಯಿರಲಿ, ಹಂದಿಯಿರಲಿ, ಅದಕ್ಕೆ ಹೊರಗೆ ಹೋಗುವ ದಾರಿ ಇರುತ್ತದೆ. ನಡುವೆ ಒಂದು ತುಂಡು ಕಬ್ಬು ಉಳಿದಾಗಲೇ ಅನಾಹುತಗಳು ಆಗುವುದು. ಊರಿನವರೆಲ್ಲ ಸುತ್ತುಗಟ್ಟಿ ನಿಂತಿರುತ್ತಾರೆ, ಹುಡುಗರು ಮೊಬೈಲು ಹಿಡಿದು ಮುಂದೆ ನುಗ್ಗುತ್ತಾರೆ, ಗಾಬರಿಯಾದ ಪ್ರಾಣಿ ಯಾರಾದರೊಬ್ಬರ ಮೇಲೆ ಹಾರಿ ದಾರಿ ಮಾಡಿಕೊಳ್ಳುತ್ತದೆ. ಹೀಗೆ ಗಾಯಗೊಂಡವರನ್ನು ಚಿರತೆ ದಾಳಿಗೆ ತುತ್ತಾದವರೆಂದು ಬರೆಯುತ್ತೇವೆ. ನನ್ನ ಲೆಕ್ಕದಲ್ಲಿ ಅವರು ಗುಂಪಿಗೆ ತುತ್ತಾದವರು.

ಮರಿ ಸಿಕ್ಕರೆ ಮುಟ್ಟಬಾರದು. ಅಲ್ಲಿ ಕಟಾವು ನಿಲ್ಲಿಸಿ, ಜನರನ್ನು ದೂರ ಕಳಿಸಿ, ಅರಣ್ಯ ಇಲಾಖೆಗೆ ತಿಳಿಸಬೇಕು. ಮರಿಗಳನ್ನು ಇದ್ದಲ್ಲಿಯೇ ಬಿಟ್ಟರೆ ತಾಯಿ ರಾತ್ರಿ ಬಂದು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಮನೆಗೆ ತಂದು ಹಾಲು ಕುಡಿಸಿ ಫೋಟೊ ತೆಗೆಸಿಕೊಂಡರೆ, ಮರಿ ಹುಡುಕುವ ತಾಯಿ ಅದೇ ಗದ್ದೆಗಳ ಸುತ್ತ ತಿರುಗುತ್ತಿರುತ್ತದೆ. ಇನ್ನೊಂದು ಮಾತು. ಚಿರತೆ ಮರಿಯೆಂದು ಹಿಡಿದು ತಂದವು ಎಷ್ಟೋ ಸಲ ಕಾಡುಬೆಕ್ಕಿನ ಮರಿಗಳಾಗಿರುತ್ತವೆ. ಕಾಡುಬೆಕ್ಕು ಗದ್ದೆಯ ಇಲಿಗಳನ್ನು ತಿಂದು ನಮಗೆ ಉಪಕಾರ ಮಾಡುವ ಪ್ರಾಣಿ.

ಬೋನಿನ ವಿಷಯ ಹೇಳದಿದ್ದರೆ ತಾವು ಬಿಡುವುದಿಲ್ಲ. ಚಿರತೆ ಕಂಡ ಮರುದಿನವೇ ಬೋನು ಇಡಿ, ಹಿಡಿದು ದೂರದ ಕಾಡಿಗೆ ಬಿಡಿ ಎಂಬ ಒತ್ತಾಯ ಪ್ರತಿ ಊರಿನಲ್ಲೂ ಇದೆ. ಮಹಾರಾಷ್ಟ್ರದ ಪುಣೆ ಜಿಲ್ಲೆಯ ಜುನ್ನಾರ್ ಸೀಮೆ ನಮ್ಮ ಮಂಡ್ಯದಂತೆಯೇ ಕಬ್ಬಿನ ಸೀಮೆ. ಅಲ್ಲಿ 2001ರಿಂದ ಹೀಗೆ ಚಿರತೆಗಳನ್ನು ಹಿಡಿದು ಬೇರೆ ಕಾಡುಗಳಲ್ಲಿ ಬಿಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆ ಬಳಿಕ ಜನರ ಮೇಲಿನ ದಾಳಿ ತಗ್ಗುವ ಬದಲು ಏರಿತು. ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ಇದನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ್ದಾರೆ. ಪರಿಚಯವಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ಕಂಗೆಟ್ಟು ತಿರುಗುತ್ತದೆ, ಖಾಲಿಯಾದ ಜಾಗಕ್ಕೆ ಮತ್ತೊಂದು ಬರುತ್ತದೆ. ಮನುಷ್ಯನ ಮೇಲೆ ಬೀಳುವುದನ್ನು ಕಲಿತ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಮ್ಮನೆ ಕಣ್ಣಿಗೆ ಬಿದ್ದ ಚಿರತೆಗೆ ಬೋನು ಇಡುವುದಕ್ಕಿಂತ, ಊರ ಹೊರಗೆ ಕೋಳಿ ಅಂಗಡಿಯ ಕಸ ಸುರಿಯುವುದನ್ನು ನಿಲ್ಲಿಸುವುದು, ಕುರಿ ಮೇಕೆಗಳನ್ನು ರಾತ್ರಿ ಬಾಗಿಲು, ಮೇಲ್ಛಾವಣಿ ಇರುವ ಕೊಟ್ಟಿಗೆಯಲ್ಲಿ ಕೂಡುವುದು ಹೆಚ್ಚು ಫಲಕಾರಿ. ಕಸಕ್ಕೆ ನಾಯಿ, ನಾಯಿಗೆ ಚಿರತೆ.

ಆನೆಯ ಬಗ್ಗೆ ಕೊಡಗು, ಹಾಸನ, ಚಾಮರಾಜನಗರದ ಬಾಂಧವರಿಗೆ ನಾನು ಹೊಸದಾಗಿ ಹೇಳುವುದು ಕಡಿಮೆ. 2023ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 6395 ಆನೆಗಳಿವೆ ಎಂದು ಅಂದಾಜು ಮಾಡಲಾಯಿತು, ದೇಶದಲ್ಲಿಯೇ ಇದು ಹೆಚ್ಚಿನದು. ಕಾಫಿ ತೋಟಗಳಲ್ಲಿ ತೊಂದರೆಗೆ ಸಿಗುವವರು ಹೆಚ್ಚಾಗಿ ಬೆಳಿಗ್ಗೆ ಕೆಲಸಕ್ಕೆ ನಡೆದುಬರುವ ಕೂಲಿಕಾರರು. ಮಂಜು ಮುಸುಕಿದ ಹೊತ್ತಿನಲ್ಲಿ, ಗಿಡಗಳ ನಡುವೆ, ಅಷ್ಟು ದೊಡ್ಡ ಪ್ರಾಣಿ ಹತ್ತು ಮಾರಿನಲ್ಲಿದ್ದರೂ ಕಾಣುವುದಿಲ್ಲ. ಕೊಂಬೆ ಮುರಿಯುವ ಸದ್ದು, ಹಸಿ ಲದ್ದಿ, ಕಟುವಾದ ವಾಸನೆ ಇವುಗಳೇ ಸೂಚನೆ. ತೋಟದ ಮಾಲೀಕರು ಕೆಲಸದ ಹೊತ್ತನ್ನು ಬೆಳಕು ಹರಿದ ನಂತರಕ್ಕೆ ಇಟ್ಟು, ಆನೆ ಇರುವ ಬಗ್ಗೆ ಅರಣ್ಯ ಇಲಾಖೆಯಿಂದ ಮೊಬೈಲಿಗೆ ಬರುವ ಸಂದೇಶವನ್ನು ಲೈನ್ ಮನೆಗಳಿಗೆ ತಲುಪಿಸುವ ಹೊಣೆ ಹೊರಬೇಕು. ಸಂದೇಶ ಮಾಲೀಕನ ಜೇಬಿನಲ್ಲೇ ಉಳಿದರೆ ಪ್ರಯೋಜನವಿಲ್ಲ. ಆನೆ ಕಂಡರೆ ಹಾರನ್ ಬಾರಿಸುವುದು, ದೀಪ ಮಿನುಗಿಸುವುದು, ಫೋಟೊ ತೆಗೆಯುವುದು ಯಾವುದೂ ಬೇಡ. ಕಣ್ಣಿನ ಪಕ್ಕದಿಂದ ಮದ ಸೋರುತ್ತಿರುವ ಸಲಗವಾದರೆ ಇನ್ನೂ ದೂರ. ಅಟ್ಟಿಸಿಕೊಂಡು ಬಂದರೆ ಕೈಯಲ್ಲಿರುವ ಬುಟ್ಟಿ, ಕೊಡೆ, ಕಂಬಳಿ ಬಿಸಾಡಿ ಹತ್ತಿರದ ಕಟ್ಟಡಕ್ಕೋ ದಪ್ಪ ಮರದ ಮರೆಗೋ ಓಡಬೇಕು. ಬಿಸಾಡಿದ ವಸ್ತುವನ್ನು ಮೂಸಲು ಅದು ನಿಂತರೆ ನಾಲ್ಕು ಗಳಿಗೆ ಉಳಿದೀತು. ಬೈಕನ್ನು ಉಳಿಸಿಕೊಳ್ಳಲು ಹೋಗಬೇಡಿ.

ಹಂದಿಯ ಕಾಟಕ್ಕೆಂದು ಕೆಲವರು ಬೇಲಿಯ ತಂತಿಗೆ ನೇರವಾಗಿ ಮನೆಯ ಕರೆಂಟು ಕೊಡುತ್ತಾರೆ, ಉರುಳು ಹಾಕುತ್ತಾರೆ. ಕರೆಂಟು ಕೊಟ್ಟ ತಂತಿ ನಿಮ್ಮ ಎತ್ತನ್ನೋ, ನೆರೆಯವನನ್ನೋ, ರಾತ್ರಿ ಮರೆತು ಹೋದ ನಿಮ್ಮನ್ನೋ ಕೊಲ್ಲುತ್ತದೆ. ಸೌರ ಬೇಲಿಯಲ್ಲಿ ಕ್ಷಣಕ್ಷಣಕ್ಕೆ ಬಿಟ್ಟುಬಿಟ್ಟು ಬರುವ ಹೊಡೆತ ಚುರುಕು ಮುಟ್ಟಿಸುತ್ತದೆ, ಕೊಲ್ಲುವುದಿಲ್ಲ. ಉರುಳಿಗೆ ಬೀಳುವುದು ಹಂದಿಯೇ ಆಗಬೇಕೆಂದಿಲ್ಲ. ಬೆಳಿಗ್ಗೆ ನೋಡಲು ಹೋದಾಗ ಅರ್ಧ ಕಳಚಿದ ತಂತಿಯಲ್ಲಿ ಚಿರತೆ ಇರಬಹುದು. ಅದಕ್ಕಿಂತ ಕೆಟ್ಟ ಭೇಟಿ ಬೇರೊಂದಿಲ್ಲ.

ಗಾಯವಾದ ಮೇಲೆ ಮಾಡಬೇಕಾದ ಕೆಲಸವನ್ನು ದಯವಿಟ್ಟು ಗಮನವಿಟ್ಟು ಕೇಳಿ. ತಲೆಯಿಂದ, ಮುಖದಿಂದ ರಕ್ತ ಹರಿಯುತ್ತಿದ್ದರೆ ಮೊದಲು ಶುದ್ಧ ಬಟ್ಟೆಯನ್ನು ಒತ್ತಿ ಹಿಡಿದು ನಿಲ್ಲಿಸಬೇಕು. ಜೋತುಬಿದ್ದ ಚರ್ಮವನ್ನು ಕತ್ತರಿಸಬಾರದು, ಹಾಗೆಯೇ ಮೇಲಿಟ್ಟು ಒದ್ದೆ ಬಟ್ಟೆ ಮುಚ್ಚಿ ಒಯ್ದರೆ ವೈದ್ಯರು ಹೊಲಿಯಬಲ್ಲರು. ರಕ್ತ ಹತೋಟಿಯಲ್ಲಿದ್ದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ತುಂಬಬಾರದು. ಹುಚ್ಚುನಾಯಿ ರೋಗ ನಾಯಿಯಿಂದ ಮಾತ್ರ ಬರುತ್ತದೆಂದು ತಿಳಿಯುವುದು ಸರಿಯಲ್ಲ. ಕರಡಿ, ಚಿರತೆ, ನರಿ, ಹಂದಿ ಕಚ್ಚಿದರೂ ಆ ಚುಚ್ಚುಮದ್ದನ್ನೂ, ಗಾಯದ ಸುತ್ತ ಕೊಡುವ ಸೀರಮ್ಮನ್ನೂ, ಧನುರ್ವಾಯು ಚುಚ್ಚುಮದ್ದನ್ನೂ ಕೇಳಿ ಹಾಕಿಸಿಕೊಳ್ಳಬೇಕು. ಆ ರೋಗ ಒಮ್ಮೆ ಕಾಣಿಸಿಕೊಂಡರೆ ಔಷಧಿಯಿಲ್ಲ. ಆಂಬುಲೆನ್ಸಿಗೆ 108, ಅರಣ್ಯ ಇಲಾಖೆಯ ಸಹಾಯವಾಣಿಗೆ 1926. ಈ ಎರಡು ಸಂಖ್ಯೆಗಳನ್ನು ಪಂಪ್‌ಸೆಟ್ ಮನೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಡಿ. ಸಾವು, ಗಾಯ, ದನಕರುಗಳ ನಷ್ಟ, ಬೆಳೆ ನಷ್ಟ ಎಲ್ಲಕ್ಕೂ ಸರ್ಕಾರದಿಂದ ಪರಿಹಾರವಿದೆ. ತಡಮಾಡದೆ ವಲಯ ಅರಣ್ಯ ಕಚೇರಿಗೆ ಬರೆದುಕೊಟ್ಟು, ಸ್ಥಳದ ಫೋಟೊ, ವೈದ್ಯರ ಪತ್ರ, ಮಹಜರಿನ ಪ್ರತಿ ಇಟ್ಟುಕೊಳ್ಳಬೇಕು. ಬರೆದುಕೊಡಲು ಬಾರದವರಿಗೆ ಇಲ್ಲಿರುವ ಕಾರ್ಯಕರ್ತರು ಬರೆದುಕೊಡಬೇಕು.

ಭಾಷಣದ ನಡುವೆ ಒಬ್ಬ ಹಿರಿಯರು ಚೀಟಿ ಕಳಿಸಿದ್ದಾರೆ. ಕೈಯಲ್ಲಿ ಕೊಡಲಿ ಇರುವಾಗ ಕರಡಿ ಮೈಮೇಲೆ ಬಂದರೆ ಹೊಡೆಯಬಹುದೇ, ಹೊಡೆದರೆ ಜೈಲು ಆಗುತ್ತದೆಯೇ ಎಂದು ಕೇಳಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಕಲಮಿನಲ್ಲಿಯೇ ಇದಕ್ಕೆ ಉತ್ತರವಿದೆ. ತನ್ನ ಪ್ರಾಣ ಅಥವಾ ಇನ್ನೊಬ್ಬರ ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಪ್ರಾಣಿಯನ್ನು ಗಾಯಗೊಳಿಸಿದರೂ ಕೊಂದರೂ ಅದು ಅಪರಾಧವಲ್ಲ. ಆದರೆ ಕಾಯ್ದೆಗೆ ವಿರುದ್ಧವಾದ ಕೆಲಸ, ಉದಾಹರಣೆಗೆ ಬೇಟೆ, ಮಾಡುತ್ತಿದ್ದಾಗ ಹಾಗಾದರೆ ಈ ರಕ್ಷಣೆ ಸಿಗುವುದಿಲ್ಲ. ಸತ್ತ ಪ್ರಾಣಿ ಸರ್ಕಾರದ್ದು, ಉಗುರು, ಚರ್ಮ ಮುಟ್ಟದೆ ಕೂಡಲೇ ಇಲಾಖೆಗೆ ತಿಳಿಸಬೇಕು. ಬಿಟ್ಟು ಓಡಿಹೋದ ಕರಡಿಯನ್ನು ಮರುದಿನ ಊರಿನವರೆಲ್ಲ ಕೂಡಿ ಗವಿಗೆ ಬೆಂಕಿಯಿಟ್ಟು ಕೊಲ್ಲಲು ಹೋದರೆ ಅದು ಅಪರಾಧವೇ. ಗವಿಯ ಬಾಯಲ್ಲಿ ಇನ್ನಿಬ್ಬರಿಗೆ ಗಾಯವಾಗುವ ಸಂಭವವೂ ಉಂಟು.